ಅನಿಲ ಸಿಕ್ಕಿತು, ಷೇರುದಾರನಿಗೆ ದಕ್ಕಲಿಲ್ಲ: ಶೋಧ ಕಂಪನಿಗಳಲ್ಲಿ ಹಣ ಹೂಡುವ ಮುನ್ನ



ಕುಮಟಾ ತಾಲೂಕಿನ ಸಂತೆಗುಳಿಯಿಂದ ಸಮಾಜದ ಹಿರಿಯರೊಬ್ಬರು ಇತ್ತೀಚೆಗೆ ಫೋನ್ ಮಾಡಿದ್ದರು. "ಚಾಲಿ ಅಡಿಕೆ ಮಾರಿದ 2 ಲಕ್ಷ ಬ್ಯಾಂಕಿನಲ್ಲಿ ಉಂಟು. ಮೊಮ್ಮಗಳ ಕಾಲೇಜು ಫೀಸಿಗೆ ಅಂತ ಇಟ್ಟದ್ದು. ಮಗ ಬೆಂಗಳೂರಿನಿಂದ, ಒಂದು ಸಣ್ಣ ಗ್ಯಾಸ್ ಕಂಪನಿ ಷೇರು ತೆಗೆದುಕೊಳ್ಳೋಣ ಅಪ್ಪ ಅಂತಾನೆ. ಅಂಡಮಾನಿನಲ್ಲಿ ಗ್ಯಾಸ್ ಸಿಕ್ಕಿದೆಯಂತೆ, ಇನ್ನು ಇಂಥ ಷೇರೆಲ್ಲ ಮೇಲೆ ಹೋಗ್ತದಂತೆ. ನೀವು ಏನು ಹೇಳ್ತೀರಿ?"

ಇದೇ ಪ್ರಶ್ನೆ ಬೇರೆ ಊರುಗಳಿಂದಲೂ ಬರುತ್ತಿದೆ. ಇಂಥ ಷೇರು ಕೊಳ್ಳಿ ಅಥವಾ ಬಿಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಶೋಧ ಕಂಪನಿಯ ಷೇರನ್ನು ತೂಗಿ ನೋಡುವಾಗ ನಾವು ಸಾಮಾನ್ಯವಾಗಿ ತಪ್ಪು ಪ್ರಶ್ನೆಯಿಂದ ಆರಂಭಿಸುತ್ತೇವೆ. "ಅಲ್ಲಿ ಅನಿಲ ಇದೆಯೇ?" ಎಂದು ಕೇಳುತ್ತೇವೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ: ಈ ಕಂಪನಿ ಎಷ್ಟು ಬಾವಿ ಕೊರೆಯುವುದಾಗಿ ಸರ್ಕಾರಕ್ಕೆ ಬರೆದುಕೊಟ್ಟಿದೆ, ಯಾವಾಗಿನ ಒಳಗೆ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ?

ಸುದ್ದಿಯಲ್ಲಿ ನಿಜವಾಗಿ ಇರುವುದೇನು?

ಅಂಡಮಾನ್ ಸುದ್ದಿ ಸುಳ್ಳಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪೆಟ್ರೋಲಿಯಂ ಸಚಿವ ಹರ್‌ದೀಪ್ ಸಿಂಗ್ ಪುರಿ ಅವರು ಶ್ರೀ ವಿಜಯಪುರಂ-2 ಎಂಬ ಬಾವಿಯಲ್ಲಿ ನೈಸರ್ಗಿಕ ಅನಿಲದ ಇರುವಿಕೆ ಕಂಡುಬಂದಿದೆ ಎಂದು ಪ್ರಕಟಿಸಿದರು. ಸಮುದ್ರದ ಆಳ ಅಲ್ಲಿ 295 ಮೀಟರ್, ಬಾವಿಯ ಗುರಿ 2,650 ಮೀಟರ್. ಪರೀಕ್ಷಿಸಿದ ಮಾದರಿಯಲ್ಲಿ ಮೀಥೇನ್ ಪ್ರಮಾಣ ಶೇ. 87. ಇದನ್ನು ಕೊರೆದದ್ದು ಆಯಿಲ್ ಇಂಡಿಯಾ, ಅಂದರೆ ಕೇಂದ್ರ ಸರ್ಕಾರದ ಕಂಪನಿ. ಅಸ್ಸಾಮಿನ ಹಳೆಯ ಬಾವಿಗಳಿಂದ ಅದಕ್ಕೆ ನಿತ್ಯ ಆದಾಯವಿದೆ. ಒಂದು ಬಾವಿ ಬರಿದಾದರೆ ಇನ್ನೊಂದನ್ನು ಕೊರೆಯುವ ತಾಕತ್ತು ಅದಕ್ಕುಂಟು. ಆ ಸುದ್ದಿಯನ್ನು ಹಿಡಿದು, ಅದಕ್ಕೆ ಸಂಬಂಧವೇ ಇಲ್ಲದ ಸಣ್ಣ ಕಂಪನಿಯ ಷೇರು ಕೊಳ್ಳುವುದು ಬೇರೆಯೇ ಲೆಕ್ಕ.

"ಗ್ಯಾಸ್ ಷೇರು" ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಮೂರು ಬಗೆ ಇವೆ. ಮೊದಲನೆಯದು ಕೊಳವೆಯಲ್ಲಿ ಅನಿಲ ಸಾಗಿಸುವ, ಮನೆ ಮನೆಗೆ ಹಂಚುವ ಕಂಪನಿಗಳು. 2021ರ ಜನವರಿಯಲ್ಲಿ ಉದ್ಘಾಟನೆಯಾದ ಸುಮಾರು 450 ಕಿ.ಮೀ. ಉದ್ದದ ಕೊಚ್ಚಿ-ಮಂಗಳೂರು ಕೊಳವೆ ಮಾರ್ಗ ಗೇಲ್ ಕಂಪನಿಯದು. ಸಾಗಾಟಕ್ಕೆ ಬಾಡಿಗೆ ಬರುತ್ತದೆ. ಎರಡನೆಯದು ಈಗಾಗಲೇ ಉತ್ಪಾದಿಸುತ್ತಿರುವ ದೊಡ್ಡ ಕಂಪನಿಗಳು: ಓಎನ್‌ಜಿಸಿ, ಆಯಿಲ್ ಇಂಡಿಯಾ, ರಿಲಯನ್ಸ್. ಮೂರನೆಯದು ಕೈಯಲ್ಲಿ ಒಂದೆರಡು ಬ್ಲಾಕ್ ಹಿಡಿದುಕೊಂಡು, ಮುಂದೆ ಅನಿಲ ಸಿಕ್ಕೀತೆಂಬ ನಿರೀಕ್ಷೆಯಲ್ಲಿ ನಡೆಯುವ ಸಣ್ಣ ಶೋಧ ಕಂಪನಿಗಳು. ಸಂತೆಗುಳಿಯ ಪ್ರಶ್ನೆ ಮೂರನೆಯ ಬಗೆಯದು.

ಬಾವಿಯ ಮಾತು ಕೊಟ್ಟು ಬ್ಲಾಕ್ ಪಡೆಯುವುದು

ನೆಲದಡಿಯ, ಕಡಲಡಿಯ ಎಣ್ಣೆ ಮತ್ತು ಅನಿಲ ಸರ್ಕಾರದ ಸ್ವತ್ತು. ಶೋಧಕ್ಕೆ ಒಂದು ಪ್ರದೇಶ ಬೇಕೆಂದರೆ ಕಂಪನಿ ಹರಾಜಿನಲ್ಲಿ ಭಾಗವಹಿಸಿ, ಇಷ್ಟು ಪ್ರದೇಶದಲ್ಲಿ ಭೂಕಂಪನ ಸಮೀಕ್ಷೆ ನಡೆಸುತ್ತೇನೆ, ಇಷ್ಟು ಬಾವಿ ಕೊರೆಯುತ್ತೇನೆ ಎಂದು ಬರೆದುಕೊಡಬೇಕು. ಅದಕ್ಕೆ ಕಾಲಮಿತಿಯಿದೆ, ಬ್ಯಾಂಕ್ ಗ್ಯಾರಂಟಿಯೂ ಇದೆ. ಹೇಳಿದ ಕೆಲಸ ಮಾಡದಿದ್ದರೆ ಕೊರೆಯದೆ ಬಿಟ್ಟ ಬಾವಿಗೂ ದಂಡ ಕಟ್ಟಬೇಕು, ಬ್ಲಾಕ್ ಕೂಡ ಕೈಬಿಡಬಹುದು.

2016ರ ಹೊಸ ನೀತಿಯ ನಂತರ ಬ್ಲಾಕ್‌ಗಳನ್ನು ಕಂಪನಿಗಳೇ ಗುರುತಿಸಿ ಕೇಳುವ ಪದ್ಧತಿ ಬಂತು. ಅದರ ಮೊದಲ ಸುತ್ತಿನ 55 ಬ್ಲಾಕ್‌ಗಳಿಗೆ 2018ರ ಅಕ್ಟೋಬರ್‌ನಲ್ಲಿ ಒಪ್ಪಂದವಾಯಿತು. ಅವುಗಳಲ್ಲಿ 41 ವೇದಾಂತ ಕಂಪನಿಗೆ, 9 ಆಯಿಲ್ ಇಂಡಿಯಾಕ್ಕೆ, 2 ಓಎನ್‌ಜಿಸಿಗೆ ಹೋದವು.

2019ರಲ್ಲಿ ಇನ್ನೊಂದು ಬದಲಾವಣೆಯಾಯಿತು. ದೇಶದ 26 ಜಲಜಶಿಲಾ ಪ್ರದೇಶಗಳನ್ನು ಮೂರು ವರ್ಗ ಮಾಡಿದ್ದಾರೆ. ಈಗಾಗಲೇ ವಾಣಿಜ್ಯ ಉತ್ಪಾದನೆ ಇರುವವು ಮೊದಲ ವರ್ಗ. ಕುಮಟಾ, ಹೊನ್ನಾವರ, ಭಟ್ಕಳದ ಎದುರಿನ ಕಡಲು ಸೇರುವ ಕೇರಳ-ಕೊಂಕಣ ಪ್ರದೇಶ ಮತ್ತು ಉತ್ತರ ಕರ್ನಾಟಕದ ಭೀಮಾ-ಕಲಾದಗಿ ಪ್ರದೇಶ ಎರಡೂ ಮೂರನೇ ವರ್ಗದವು. ಎರಡನೇ ಮತ್ತು ಮೂರನೇ ವರ್ಗದ ಪ್ರದೇಶಗಳಲ್ಲಿ ಸರ್ಕಾರಕ್ಕೆ ಎಷ್ಟು ಆದಾಯ ಪಾಲು ಕೊಡುತ್ತೀರಿ ಎಂಬುದು ಈಗ ಹರಾಜನ್ನು ತೀರ್ಮಾನಿಸುವುದಿಲ್ಲ. ಎಷ್ಟು ಕೆಲಸ ಮಾಡುತ್ತೀರಿ ಎಂಬುದೇ ತೀರ್ಮಾನಿಸುತ್ತದೆ.

ಶೋಧಕ್ಕೆ ಇದು ಒಳ್ಳೆಯ ನೀತಿಯೇ. ಆದರೆ ಹೂಡಿಕೆದಾರನ ಕಡೆಯಿಂದ ನೋಡಿದರೆ ಇದರಲ್ಲಿ ಒಂದು ಎಚ್ಚರಿಕೆ ಇದೆ. ಹೆಚ್ಚು ಬಾವಿಯ ಮಾತು ಕೊಟ್ಟವನು ಗೆಲ್ಲುತ್ತಾನೆ. ಗೆದ್ದ ದಿನ ಪತ್ರಿಕೆಯಲ್ಲಿ "ಬ್ಲಾಕ್ ಸಿಕ್ಕಿತು" ಎಂದು ಬರುತ್ತದೆ, ಷೇರು ಏರುತ್ತದೆ. ಆದರೆ ಅಂದು ಕಂಪನಿಗೆ ಸಿಕ್ಕಿದ್ದು ಆಸ್ತಿ ಮಾತ್ರವಲ್ಲ. ತಾರೀಖು ಬರೆದ ಖರ್ಚೂ ಜೊತೆಗೆ ಬಂದಿರುತ್ತದೆ. ಆಳ ಸಮುದ್ರದ ಒಂದೊಂದು ಬಾವಿಗೆ ನೂರಾರು ಕೋಟಿ ರೂಪಾಯಿ ಬೇಕು.

ಕೆಜಿ-ಡಿ6: ಹತ್ತನೇ ಒಂದು ಪಾಲಿನ ಕಥೆ

ಈ ಖರ್ಚು ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಆಂಧ್ರ ಕರಾವಳಿಯ ಕೃಷ್ಣಾ-ಗೋದಾವರಿ ಕಡಲಿನ ಡಿ6 ಬ್ಲಾಕ್ ಎಂದರೆ ಎಲ್ಲರಿಗೂ ರಿಲಯನ್ಸ್ ನೆನಪಾಗುತ್ತದೆ. ಅದರಲ್ಲಿ ಶೇ. 10 ಪಾಲು ಕೆನಡಾದ ಕ್ಯಾಲ್ಗರಿಯ ನೈಕೋ ರಿಸೋರ್ಸಸ್ ಎಂಬ ಕಂಪನಿಯದಾಗಿತ್ತು. ಗುಜರಾತಿನ ಹಜೀರಾ ಕ್ಷೇತ್ರದಿಂದ ಭಾರತದಲ್ಲಿ ನೆಲೆಯೂರಿದ ಕಂಪನಿ ಅದು.

ಡಿ6ರಲ್ಲಿ 2002ರಲ್ಲಿ ದೊಡ್ಡ ಅನಿಲ ನಿಕ್ಷೇಪ ಸಿಕ್ಕಿತು. ಉತ್ಪಾದನೆ ಆರಂಭವಾದದ್ದು 2009ರ ಏಪ್ರಿಲ್‌ನಲ್ಲಿ. ಸಿಕ್ಕಿದ್ದಕ್ಕೂ ಕೊಳವೆಯಲ್ಲಿ ಹರಿದದ್ದಕ್ಕೂ ನಡುವೆ ಏಳು ವರ್ಷ! 2010ರ ಮಾರ್ಚ್‌ನಲ್ಲಿ ಉತ್ಪಾದನೆ ದಿನಕ್ಕೆ ಸುಮಾರು 6.9 ಕೋಟಿ ಘನ ಮೀಟರ್ ಮುಟ್ಟಿತು, ಗುರಿ 8 ಕೋಟಿ ಇತ್ತು. 2011ರಲ್ಲಿ ಬ್ರಿಟನ್ನಿನ ಬಿಪಿ ಕಂಪನಿ ರಿಲಯನ್ಸ್‌ನ ಬ್ಲಾಕ್‌ಗಳಲ್ಲಿ ಶೇ. 30 ಪಾಲಿಗೆ 720 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಆ ದಿನಗಳಲ್ಲಿ ನೈಕೋದ ಒಂದು ಷೇರು ಟೊರಾಂಟೊ ಪೇಟೆಯಲ್ಲಿ 100 ಡಾಲರ್ ದಾಟಿತ್ತು. ನೆಲದಲ್ಲಿ ಅನಿಲ ಇದೆ, ಜೊತೆಗಾರರು ದೊಡ್ಡವರು, ಹಣ ಬರುತ್ತಿದೆ. ಇನ್ನೇನು ಬೇಕು ಎಂದು ಆಗ ಯಾರಾದರೂ ಕೇಳಬಹುದಿತ್ತು.

ಆಮೇಲೆ ಮೂರು ಸಂಗತಿಗಳು ಒಟ್ಟಿಗೆ ಬಂದವು.

ಒಂದು, ಡಿ6ರ ಉತ್ಪಾದನೆ ಅಂದಾಜಿಗಿಂತ ಬಹಳ ಬೇಗ ಕುಸಿಯಿತು. ಬರಬೇಕಾದ ಆದಾಯ ಬರಲಿಲ್ಲ.

ಎರಡು, ಅದೇ ಹೊತ್ತಿಗೆ ನೈಕೋ ಇಂಡೋನೇಷ್ಯಾ, ಟ್ರಿನಿಡಾಡ್ ಮುಂತಾದ ಕಡೆ ಹಲವು ಬ್ಲಾಕ್ ಹಿಡಿದು, ಅಲ್ಲೆಲ್ಲ ಬಾವಿ ಕೊರೆಯುವ ಹೊಣೆ ಹೊತ್ತಿತ್ತು. ಆಳ ಸಮುದ್ರದ ರಿಗ್ ಅನ್ನು ದೀರ್ಘ ಅವಧಿಗೆ ಗೊತ್ತು ಮಾಡಿಕೊಂಡಿತ್ತು. ಇಂಡೋನೇಷ್ಯಾದ ಬಾವಿಗಳು ಕೈಹಿಡಿಯಲಿಲ್ಲ. ಕೊನೆಗೆ ರಿಗ್ ಒಪ್ಪಂದವನ್ನು ಅರ್ಧದಲ್ಲೇ ಮುಗಿಸಿ ಪರಿಹಾರ ಕೊಡಬೇಕಾಯಿತು. ಸಾಲದ ಮೇಲೆ ಸಾಲ ಬಂತು.

ಮೂರು, ಬೆಲೆ. ನಮ್ಮ ಸರ್ಕಾರ ಅನಿಲದ ದರವನ್ನು 4.2 ಡಾಲರ್‌ನಿಂದ ಸುಮಾರು ಎರಡರಷ್ಟು ಮಾಡುವ ಸೂತ್ರವನ್ನು 2014ರ ಏಪ್ರಿಲ್‌ನಿಂದ ಜಾರಿಗೆ ತರುವುದರಲ್ಲಿತ್ತು. ಲೋಕಸಭೆ ಚುನಾವಣೆ ಬಂತು, ಅದು ಮುಂದೆ ಹೋಯಿತು. ಹೊಸ ಸರ್ಕಾರ ನವೆಂಬರ್‌ನಿಂದ ಬೇರೆ ಸೂತ್ರ ತಂದು 5.05 ಡಾಲರ್ ನಿಗದಿ ಮಾಡಿತು. ಎರಡರಷ್ಟು ದರ ಬರುತ್ತದೆಂಬ ಎಣಿಕೆ ಸುಳ್ಳಾಯಿತು.

ಇಷ್ಟಾದರೂ ಡಿ6ರ ಅನಿಲ ಮುಗಿದಿರಲಿಲ್ಲ. 2017ರ ಜೂನ್‌ನಲ್ಲಿ ರಿಲಯನ್ಸ್ ಮತ್ತು ಬಿಪಿ ಅದೇ ಬ್ಲಾಕ್‌ನ ಹೊಸ ನಿಕ್ಷೇಪಗಳಿಗೆ ಸುಮಾರು 40,000 ಕೋಟಿ ರೂಪಾಯಿ ಹಾಕುವುದಾಗಿ ಪ್ರಕಟಿಸಿದವು. ಯೋಜನೆ ಶುರುವಾದರೆ ಪಾಲುದಾರರೆಲ್ಲ ತಮ್ಮ ಪಾಲಿನ ಖರ್ಚನ್ನು ಕರೆ ಬಂದಾಗಲೆಲ್ಲ ಕಟ್ಟಬೇಕು. ಉದ್ಯಮದವರು ಇದನ್ನು ಕ್ಯಾಶ್ ಕಾಲ್ ಎನ್ನುತ್ತಾರೆ. 40,000 ಕೋಟಿಯ ಹತ್ತನೇ ಒಂದು ಪಾಲೆಂದರೆ 4,000 ಕೋಟಿ. ಸಾಲದಲ್ಲಿ ಮುಳುಗಿದ್ದ ನೈಕೋ ಅದನ್ನು ಎಲ್ಲಿಂದ ತರಬೇಕು? 2018ರಲ್ಲಿ ಅದು ಕರೆಯ ಹಣ ಕಟ್ಟಲಾಗದೆ ತಪ್ಪಿತು. ಒಪ್ಪಂದದ ಪ್ರಕಾರ ಹಣ ಕಟ್ಟದವನ ಪಾಲು ಉಳಿದವರಿಗೆ ಹೋಗುತ್ತದೆ. ನೈಕೋ ಮಧ್ಯಸ್ಥಿಕೆಯ ಮೊರೆ ಹೋದರೂ ಪಾಲು ಉಳಿಯಲಿಲ್ಲ. ಈಗ ರಿಲಯನ್ಸ್ ಪಾಲು ಶೇ. 66.67, ಬಿಪಿಯದು ಶೇ. 33.33.

2020ರ ಡಿಸೆಂಬರ್‌ನಲ್ಲಿ ಆರ್ ಕ್ಲಸ್ಟರ್, 2021ರ ಏಪ್ರಿಲ್‌ನಲ್ಲಿ ಸ್ಯಾಟಲೈಟ್ ಕ್ಲಸ್ಟರ್, 2023ರ ಜೂನ್‌ನಲ್ಲಿ ಎಂಜೆ ಕ್ಷೇತ್ರ ಉತ್ಪಾದನೆ ಆರಂಭಿಸಿದವು. ಮೂರೂ ಸೇರಿ ದಿನಕ್ಕೆ ಸುಮಾರು 3 ಕೋಟಿ ಘನ ಮೀಟರ್ ಮಟ್ಟಕ್ಕೆ ಬಂದವು. ಅನಿಲ ಇದ್ದದ್ದು ನಿಜ, ಹೊರಗೆ ಬಂದದ್ದೂ ನಿಜ. ಆದರೆ ನೂರು ಡಾಲರ್ ಕೊಟ್ಟು ಷೇರು ಕೊಂಡವನು ಆ ಹೊತ್ತಿಗೆ ಅಲ್ಲಿರಲಿಲ್ಲ. ಅವನ ಷೇರು ವರ್ಷಗಳ ಹಿಂದೆಯೇ ಒಂದು ಡಾಲರ್‌ಗಿಂತ ಕೆಳಗೆ ಇಳಿದಿತ್ತು.

ಅಲ್ಲೇ ಪಕ್ಕದ ಇನ್ನೊಂದು ಬ್ಲಾಕ್

ಅದೇ ಕಡಲಿನ ದೀನ್ ದಯಾಳ್ ಕ್ಷೇತ್ರದಲ್ಲಿ ಗುಜರಾತ್ ಸರ್ಕಾರದ ಜಿಎಸ್‌ಪಿಸಿ ಕಂಪನಿಗೆ ಶೇ. 80, ಜುಬಿಲಂಟ್ ಸಮೂಹದ ಕಂಪನಿಗೆ ಶೇ. 10, ಜಿಯೋಗ್ಲೋಬಲ್ ರಿಸೋರ್ಸಸ್ ಎಂಬ ಸಣ್ಣ ವಿದೇಶಿ ಕಂಪನಿಗೆ ಶೇ. 10 ಪಾಲಿತ್ತು. ಜಿಯೋಗ್ಲೋಬಲ್ ಅಮೆರಿಕದ ಷೇರುಪೇಟೆಯಲ್ಲಿತ್ತು. ಅದರ ಒಪ್ಪಂದ ಬಹಳ ಆಕರ್ಷಕವಾಗಿ ಕಾಣುತ್ತಿತ್ತು: ಶೋಧದ ಹಂತದಲ್ಲಿ ಅದರ ಪಾಲಿನ ಖರ್ಚನ್ನು ಜಿಎಸ್‌ಪಿಸಿಯೇ ಹೊರುತ್ತದೆ. 2005ರಲ್ಲಿ ಅಲ್ಲಿ 20 ಲಕ್ಷ ಕೋಟಿ ಘನ ಅಡಿ ಅನಿಲ ಇದೆಯೆಂಬ ಘೋಷಣೆ ಬಂದಾಗ ಷೇರು ಜಿಗಿಯಿತು.

ಬಾವಿಗಳ ಖರ್ಚು ಏರುತ್ತಾ ಹೋದಂತೆ ಜಿಎಸ್‌ಪಿಸಿ ತನ್ನ ಮಾತಿಗೆ ಬೇರೆ ಅರ್ಥ ಹೇಳಿತು. ಬರೆದುಕೊಟ್ಟ ಕನಿಷ್ಠ ಕೆಲಸದ ವೆಚ್ಚ ಮಾತ್ರ ನಾವು ಹೊರುವುದು, ಅದರ ಮೇಲಿನ ಖರ್ಚಿನ ಶೇ. 10 ನೀವೇ ಕೊಡಬೇಕು ಎಂದಿತು. ಆ ವ್ಯಾಜ್ಯದ ನೆರಳಿನಲ್ಲೇ ಜಿಯೋಗ್ಲೋಬಲ್ ಸೊರಗಿತು. ಖರ್ಚು ಹೊತ್ತ ದೊಡ್ಡಣ್ಣನೂ ಉಳಿಯಲಿಲ್ಲ. ಜಿಎಸ್‌ಪಿಸಿಯ ಸಾಲ 2015ರ ಮಾರ್ಚ್ ಹೊತ್ತಿಗೆ ಸುಮಾರು 19,700 ಕೋಟಿ ರೂಪಾಯಿ ಆಗಿತ್ತು. 2017ರಲ್ಲಿ ಅದರ ಪಾಲನ್ನು ಓಎನ್‌ಜಿಸಿ ಸುಮಾರು 7,738 ಕೋಟಿಗೆ ಕೊಂಡಿತು.

"ನಮ್ಮ ಖರ್ಚನ್ನು ಪಾಲುದಾರರು ಹೊರುತ್ತಾರೆ" ಎಂದು ಕಂಪನಿ ಹೇಳಿದರೆ ಕೇಳಬೇಕಾದ ಮಾತು ಇಷ್ಟೇ: ಎಷ್ಟರವರೆಗೆ?

ಸಣ್ಣ ಕಂಪನಿ ಹಣ ತರುವ ನಾಲ್ಕು ದಾರಿಗಳು

ಆದಾಯವಿಲ್ಲದ ಶೋಧ ಕಂಪನಿಗೆ ಬಾವಿಯ ಹಣ ಬರುವುದು ನಾಲ್ಕು ದಾರಿಗಳಲ್ಲಿ.

ಮೊದಲನೆಯದು ಪಾಲು ಬಿಟ್ಟುಕೊಡುವುದು. ದೊಡ್ಡ ಕಂಪನಿ ಬಂದು ಬಾವಿಯ ಖರ್ಚು ಹಾಕುತ್ತದೆ, ಬದಲಿಗೆ ಬ್ಲಾಕ್‌ನ ಅರ್ಧವನ್ನೋ ಮುಕ್ಕಾಲನ್ನೋ ತೆಗೆದುಕೊಳ್ಳುತ್ತದೆ. ಷೇರುದಾರನಿಗೆ ಇದು ಹಲವು ಸಲ ಉಳಿದವುಗಳಿಗಿಂತ ಕ್ಷೇಮ. ಅನುಭವವಿದ್ದವರು ತಮ್ಮ ಸ್ವಂತ ಹಣ ಹಾಕಲು ಒಪ್ಪಿದರೆ ಅದೂ ಒಂದು ಪರೀಕ್ಷೆಯೇ. ಗಡುವು ಹತ್ತಿರ ಬಂದರೂ ಯಾರೂ ಒಪ್ಪದಿದ್ದರೆ ಅದೂ ಒಂದು ಉತ್ತರ.

ಎರಡನೆಯದು ಸಾಲ. ಬಾವಿ ಬರಿದಾದರೂ ಬಡ್ಡಿ ನಿಲ್ಲುವುದಿಲ್ಲ. ಕಂಪನಿ ಮುಳುಗಿದರೆ ಮೊದಲು ಸಾಲ ಕೊಟ್ಟವರು, ಕೊನೆಗೆ ಸಾಮಾನ್ಯ ಷೇರುದಾರ.

ಮೂರನೆಯದು ಆಯ್ದ ದೊಡ್ಡ ಹೂಡಿಕೆದಾರರಿಗೆ ಹೊಸ ಷೇರು ಕೊಡುವುದು. ಲೆಕ್ಕ ಸರಳ. ಕಂಪನಿಯಲ್ಲಿ 10 ಕೋಟಿ ಷೇರು ಇವೆ ಎಂದುಕೊಳ್ಳಿ. ಇನ್ನೂ 10 ಕೋಟಿ ಷೇರು ಹೊರಬಂದರೆ, ನೀವು ಒಂದೂ ಷೇರು ಮಾರದಿದ್ದರೂ ಕಂಪನಿಯಲ್ಲಿ ನಿಮ್ಮ ಪಾಲು ಅರ್ಧವಾಯಿತು. ಮುಂದೆ ಸಿಗುವ ಅನಿಲದಲ್ಲಿಯೂ ಅರ್ಧವೇ.

ನಾಲ್ಕನೆಯದು ಹಕ್ಕಿನ ಷೇರು, ಅಂದರೆ ರೈಟ್ಸ್ ಇಶ್ಯೂ. ಇದು ಹಳೆಯ ಷೇರುದಾರರಿಗೆ ಮೊದಲ ಅವಕಾಶ ಕೊಡುತ್ತದೆ. ಆದರೆ ನೀವು ಇನ್ನಷ್ಟು ಹಣ ಹಾಕಬೇಕು. ನಮ್ಮ ಊರುಗಳಲ್ಲಿ ಅನೇಕರು ಇಂಥ ಪತ್ರ ಬಂದಾಗ ತೆಗೆದಿಟ್ಟು ಮರೆಯುತ್ತಾರೆ. 2020ರಿಂದ ಈ ಹಕ್ಕು ಡಿಮ್ಯಾಟ್ ಖಾತೆಗೇ ಬರುತ್ತದೆ. ಹಣ ಕಟ್ಟಲು ಇಷ್ಟವಿಲ್ಲದಿದ್ದರೆ ಗಡುವಿನ ಒಳಗೆ ಆ ಹಕ್ಕನ್ನು ಷೇರುಪೇಟೆಯಲ್ಲಿ ಮಾರಬಹುದು. ಸುಮ್ಮನಿದ್ದರೆ ಹಕ್ಕೂ ಹೋಗುತ್ತದೆ, ಪಾಲೂ ಕರಗುತ್ತದೆ.

ಷೇರು ಕೊಳ್ಳುವ ದಿನವೇ ನಿಮ್ಮನ್ನು ಕೇಳಿಕೊಳ್ಳಿ: ಇಂದು ಹಾಕುವ ಹಣದಷ್ಟೇ ಹಣವನ್ನು ಎರಡು ವರ್ಷದ ನಂತರ ಮತ್ತೆ ಹಾಕಬಲ್ಲೆನೇ? ಇಲ್ಲವೆಂದಾದರೆ ನಿಮ್ಮ ಸ್ಥಿತಿ ನೈಕೋದಂತೆಯೇ. ಅದು ಕೋಟಿಗಳಲ್ಲಿ ಸಿಕ್ಕಿಬಿದ್ದ ಜಾಗದಲ್ಲಿ ನೀವು ಸಾವಿರಗಳಲ್ಲಿ ಸಿಕ್ಕಿಬೀಳುತ್ತೀರಿ.

ವಾರ್ಷಿಕ ವರದಿಯಲ್ಲಿ ಎಲ್ಲಿ ನೋಡಬೇಕು?

ಅಧ್ಯಕ್ಷರ ಭಾಷಣ, ಬಣ್ಣದ ನಕ್ಷೆ ಬಿಟ್ಟು ಹಿಂದಿನ ಪುಟಗಳಿಗೆ ಹೋಗಿ. ಲೆಕ್ಕಪತ್ರದ ಟಿಪ್ಪಣಿಗಳಲ್ಲಿ "ಬದ್ಧತೆಗಳು" ಮತ್ತು "ಸಂಭಾವ್ಯ ಹೊಣೆಗಳು" ಎಂಬ ಭಾಗ ಇರುತ್ತದೆ. ಬಾವಿಯ ಹೊಣೆ, ಬ್ಯಾಂಕ್ ಗ್ಯಾರಂಟಿ, ಸರ್ಕಾರದ ಜೊತೆಗಿನ ದಂಡದ ವ್ಯಾಜ್ಯ ಅಲ್ಲಿ ಸಿಗುತ್ತವೆ. ಆ ಮೊತ್ತದ ಪಕ್ಕದಲ್ಲಿ ಕಂಪನಿಯ ಕೈಯಲ್ಲಿರುವ ನಗದನ್ನು ಬರೆಯಿರಿ. ಕೆಳಗೆ ಗಡುವಿನ ವರ್ಷ ಬರೆಯಿರಿ. ಒಂದು ಕಾಗದದ ಮೇಲೆ ಈ ಮೂರು ಸಾಲು ಬರೆದರೆ ಅರ್ಧ ವಿಷಯ ತಿಳಿದಂತೆ.

ಮುಂದೆ ಲೆಕ್ಕ ಪರಿಶೋಧಕರ ವರದಿ. ಕಂಪನಿ ಮುಂದುವರಿಯುವ ಬಗ್ಗೆ ಅವರು ಸಂಶಯ ಸೂಚಿಸಿದ್ದಾರೆಯೇ? ಕಳೆದ ಐದು ವರ್ಷದಲ್ಲಿ ಒಟ್ಟು ಷೇರುಗಳ ಸಂಖ್ಯೆ ಎಷ್ಟು ಏರಿದೆ? ಪ್ರವರ್ತಕರು ತಮ್ಮ ಷೇರನ್ನು ಒತ್ತೆ ಇಟ್ಟಿದ್ದಾರೆಯೇ? ಹಿಂದಿನ ಬ್ಲಾಕ್‌ಗಳಲ್ಲಿ ಹೇಳಿದ ಬಾವಿಗಳನ್ನು ಹೇಳಿದ ಹೊತ್ತಿಗೆ ಕೊರೆದಿದ್ದಾರೆಯೇ, ಅಥವಾ ಪ್ರತಿ ಸಲ ಗಡುವು ವಿಸ್ತರಣೆ ಕೇಳಿದ್ದಾರೆಯೇ? ಇದೆಲ್ಲ ಷೇರುಪೇಟೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ "ಮುಂದಿನ ವಾರ ದೊಡ್ಡ ಸುದ್ದಿ" ಎಂಬ ಸಂದೇಶದಲ್ಲಿ ಇದ್ಯಾವುದೂ ಇರುವುದಿಲ್ಲ. ಸೆಬಿಯಲ್ಲಿ ನೋಂದಣಿ ಇಲ್ಲದವರ ಸಲಹೆಗೆ ಹಣ ಕೊಡಬೇಡಿ. ಕಂಪನಿಯಿಂದ ತೊಂದರೆಯಾದರೆ ಸೆಬಿಯ ಸ್ಕೋರ್ಸ್ ವ್ಯವಸ್ಥೆಯಲ್ಲಿ ದೂರು ಕೊಡಬಹುದು.

ಪರಿಮಾಣದ ಮಾತು

ಕೆಲವರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ಶ್ರಾವಕನಾದವನು ಇಂಥ ಉದ್ಯಮದಲ್ಲಿ ಹಣ ಹಾಕಬಹುದೇ? ಶ್ರಾವಕಾಚಾರದ ಹದಿನೈದು ಖರಕರ್ಮಗಳಲ್ಲಿ ಸ್ಫೋಟ ಜೀವಿಕೆಯೂ ಒಂದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರ ಅದನ್ನು ನೆಲ ಅಗೆಯುವ, ಕಲ್ಲು ಒಡೆಯುವ ವೃತ್ತಿಯೆಂದು ವಿವರಿಸುತ್ತದೆ. ಷೇರು ಕೊಳ್ಳುವುದು ಅದಕ್ಕೆ ಸಮವೇ ಎಂಬುದನ್ನು ಆಯಾ ಕುಟುಂಬ ತನ್ನ ಗುರುಗಳನ್ನು ಕೇಳಿ ತೀರ್ಮಾನಿಸಲಿ. ಆದರೆ ಪರಿಗ್ರಹ ಪರಿಮಾಣ ವ್ರತದ ಒಂದು ತಿಳಿವಳಿಕೆ ಇಲ್ಲಿ ಎಲ್ಲರಿಗೂ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮಿತಿಯನ್ನು ಆಸೆ ಹುಟ್ಟಿದ ಮೇಲೆ ಹಾಕಿಕೊಳ್ಳಲಾಗದು, ಮೊದಲೇ ಹಾಕಿಕೊಳ್ಳಬೇಕು. ಪೂರ್ತಿ ಹೋದರೂ ಮನೆಯ ಊಟ, ಮಕ್ಕಳ ಓದು, ಔಷಧಿ ಇವುಗಳಿಗೆ ಕೊರತೆಯಾಗದಷ್ಟು ಎಷ್ಟು? ಆ ಮೊತ್ತವನ್ನು ಷೇರಿನ ಹೆಸರು ಕೇಳುವ ಮೊದಲೇ ಬರೆದಿಡಿ.

ಸಂತೆಗುಳಿಯ ಹಿರಿಯರಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ಅವರು ಅರ್ಧದಲ್ಲೇ ತಡೆದರು. "ನಮ್ಮ ತೋಟದ ಬೋರ್‌ವೆಲ್ ಕಥೆಯೇ ಆಯ್ತಲ್ಲ ಇದು. ಹತ್ತು ವರ್ಷದ ಹಿಂದೆ ನಾನು, ತಮ್ಮ ಸೇರಿ ತೆಗೆಸಿದೆವು. ನೀರು ಬಿತ್ತು. ಆದರೆ ಕೊರೆಸಿದ್ದಕ್ಕೇ ದುಡ್ಡು ಮುಗಿದಿತ್ತು. ಪಂಪು, ಪೈಪು, ಕರೆಂಟಿಗೆ ತಮ್ಮನೇ ಹಾಕಿದ. ಈಗ ನೀರು ಮೊದಲು ಅವನ ತೋಟಕ್ಕೆ."

ನೈಕೋ ಕಥೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. 2 ಲಕ್ಷ ಬ್ಯಾಂಕಿನಲ್ಲೇ ಉಳಿದಿದೆ, ಕಾಲೇಜು ಫೀಸು ಜೂನ್‌ನಲ್ಲಿ ಕಟ್ಟಬೇಕು. ಮಗ ತನ್ನ ಸಂಬಳದಿಂದ 10,000 ರೂಪಾಯಿಯ ಷೇರು ಕೊಳ್ಳುತ್ತಾನಂತೆ, ವಾರ್ಷಿಕ ವರದಿ ಓದಿದ ಮೇಲೆ.